ಯಾವ ಬಿಳುಪು

ಡಾಕ್ಟರಮ್ಮ ಬಳೆಗಾರ್ತಿಯ ಹಾಗೆ
ಒಂದು ಪಟ್ಟಿ ಬಿಚ್ಚಿ ಹಿಡಿದಳು.
ಸಾಲಾಗಿ ಹದಿನಾರು ಹಲ್ಲು, ಯಾರವೂ ಅಲ್ಲದವು.
ಒಂದೊಂದೇ ತೆಗೆದು ನನ್ನ ತುಟಿಗೆ ತಾಗಿಸಿ
ಕಿಟಕಿ ಕಡೆ ತಿರುಗ್ರಿ ಅಂದಳು.

ಕೊಪ್ಪಳದಲ್ಲಿ, ಮೆಡಿಕಲ್ ಅಂಗಡಿಯ ಮಾಳಿಗೆ.
ಕೆಳಗಿನಿಂದ ಮಿರ್ಚಿ ಕರಿಯುವ ವಾಸನೆ,
ಒಳಗೆ ಲವಂಗದೆಣ್ಣೆಯದು.
ನಾನು ಮನಸ್ಸಿನಲ್ಲೇ ಹೆಸರಿಡುತ್ತ ಹೋದೆ:
ಇದು ಗಂಗಾವತಿಯ ಸೋನಾ ಮಸೂರಿ,
ಇದು ಹಿಂಗಾರಿ ಜೋಳ,
ಇದು ಸುಣ್ಣ ಬಳಿದ ಸಾಲಿಗೋಡೆ,
ಇದು ಟಿ.ವಿ.ಯೊಳಗಿನ ಹೆಂಗಸರದು,
ಕರೆಂಟು ಹೋದರೂ ಕಾಣುವಂಥದ್ದು.
ನನ್ನ ಹಲ್ಲಿಗೆ ಹೊಂದುವುದು
ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಕುಷ್ಟಗಿ ಸೀಮೆಯ ನಮ್ಮೂರ ಬೋರಿನ ನೀರು
ಬಾಯಿಗೆ ಸಿಹಿಯೇ.
ಕುಡಿದವರಿಗೆಲ್ಲ ಒಂದೇ ಬಣ್ಣ,
ಚಹಾ ಚೆಲ್ಲಿ ತೊಳೆಯದೆ ಬಿಟ್ಟ ಬಟ್ಟೆಯದು,
ನಡುನಡುವೆ ಸುಣ್ಣದ ಚುಕ್ಕಿ.
ಬಿಳಿ ಹಲ್ಲಿನ ಹೊಸ ಮೇಷ್ಟ್ರು ಬಂದಾಗ
ಪಾಪ, ಅವರಿಗೇನೋ ಜಡ್ಡು ಐತಿ
ಅಂದುಕೊಂಡಿದ್ದೆವು ನಾವು.

ಬ್ಲೀಚಿಂಗು ಸೋವಿ, ಕಲಿ ತೆಳುವಾಗತೈತಿ, ಪೂರಾ ಹೋಗಂಗಿಲ್ಲ.
ಮೇಲಿನ ಪದರ ತಿಕ್ಕಿ ತೆಗೆಯೋದು ಒಂದೈತಿ.
ಬಾಂಡಿಂಗು ಅಂದರ ಮೆತ್ತೋದು, ನಾಕೈದು ವರ್ಷ ಬರತೈತಿ,
ಚಹಾ ಭಾಳ ಕುಡಿತೀರೇನು?
ಇನ್ನ ವೆನಿಯರು.
ಉಗುರಿನಷ್ಟು ತೆಳ್ಳಗಿನ ಪಿಂಗಾಣಿ,
ಹಲ್ಲಿಗೊಂದು ಎಮ್ಮೆಕರುವಿನ ರೇಟು.
ಆದರ ಅದನ್ನ ಕೂಡಿಸಾಕ ನಿಮ್ಮ ಹಲ್ಲು ಒಂಚೂರು ಅರೀಬೇಕು.
ಅರೆದದ್ದು ಮತ್ತ ಬರಂಗಿಲ್ಲ.

ಮತ್ತ ಬರಂಗಿಲ್ಲ.
ನನ್ನ ಕೆಲಸದಲ್ಲಿ ಎಲ್ಲ ಮತ್ತೆ ಬರುತ್ತದೆ.
ಫೋಟೋ ಸ್ಟುಡಿಯೋದಲ್ಲಿ ಒಂಬತ್ತು ವರ್ಷದಿಂದ
ಮದುಮಕ್ಕಳ ಹಲ್ಲು ತೊಳೆಯುವವಳು ನಾನು.
ಹಳದಿ ಇಳಿಸು, ಬೆಳಕು ಏರಿಸು,
ತಪ್ಪಾಯಿತೋ, ಎರಡು ಗುಂಡಿ ಒಟ್ಟಿಗೆ ಒತ್ತು,
ಕಲೆ ಬಂದು ತನ್ನ ಜಾಗದಲ್ಲಿ ಕೂರುತ್ತದೆ.

ತಾವರಗೇರಾದ ದುರಗವ್ವ
ತೀರಿಹೋದ ಗಂಡನ ಫೋಟೋ ದೊಡ್ಡದು ಮಾಡಿಸಲು ತಂದಿದ್ದಳು.
ಕೈರೂಢಿಯಲ್ಲಿ ಅವನವನ್ನೂ ಬೆಳ್ಳಗೆ ಮಾಡಿಟ್ಟಿದ್ದೆ.
ಚೌಕಟ್ಟನ್ನು ಬೆಳಕಿಗೆ ಹಿಡಿದು ನೋಡಿ
ಇಂವ ಯಾರವಾ? ನಮ್ಮಾಂವ ಅಲ್ಲ ಬಿಡು ಅಂದಳು.
ದುಡ್ಡು ತಗೊಳ್ಳದೆ ಕಲೆ ವಾಪಸು ಕೊಟ್ಟಿದ್ದೆ.

ಅವಸರ ಇಲ್ಲ ಹುಲಿಗೆಮ್ಮ, ವಾರ ಬಿಟ್ಟು ಹೇಳ್ರಿ.

ರಾತ್ರಿ ಅರ್ಧ ಶಟರ್ ಎಳೆದು ಕಂಪ್ಯೂಟರಿನ ಮುಂದೆ ಕೂತೆ,
ನಾಲ್ಕೂ ಬಗೆ ನನ್ನ ಮುಖದ ಮೇಲೇ ಮಾಡಿ ನೋಡೋಣ, ಪುಕ್ಕಟೆ.
ಹುಡುಕಿದೆ.
ಕಾಲೇಜು, ತಂಗಿಯ ಮದುವೆ, ಆಧಾರ ಕಾರ್ಡು,
ಅಂಜನಾದ್ರಿಯ ಮೆಟ್ಟಿಲು.
ಎಲ್ಲ ಕಡೆ ಹೊಲಿದ ಚೀಲದ ಬಾಯಿ.
ಬೆಳ್ಳಗೆ ಮಾಡಲು ಒಂದು ಹಲ್ಲೂ ಸಿಗಲಿಲ್ಲ.

ಕ್ಯಾಮೆರಾ ಸ್ಟ್ಯಾಂಡಿಗೇರಿಸಿ, ಹತ್ತು ಸೆಕೆಂಡಿನ ಟೈಮರಿಟ್ಟು
ಗಿರಾಕಿಗಳ ಸ್ಟೂಲಿನ ಮೇಲೆ ಕೂತು
ನನಗೆ ನಾನೇ ಅಂದೆ:
ಸ್ವಲ್ಪ ನಗ್ರಿ.
ಮೊದಲನೆಯದರಲ್ಲಿ ಬಾಯಿಗೆ ಕೈ ಅಡ್ಡ.
ಎರಡನೆಯದರಲ್ಲೂ ಕೈ.
ಮೂರರಲ್ಲಿ ವೇಲು.
ಏಳನೆಯದಕ್ಕೆ, ಹೊರಗೆ
ಆಟೋದವನೊಬ್ಬ ಹಿಂದಕ್ಕೆ ಬಂದು ಕಂಬಕ್ಕೆ ಗುದ್ದಿ
ಕಣ್ಣು ಕಾಣಂಗಿಲ್ಲೇನಲೇ ಅಂತ ಕಂಬಕ್ಕೇ ಬೈದ.
ಕೈ ಏಳುವುದರೊಳಗೆ ಫ್ಲ್ಯಾಶ್ ಹೊಡೆದಿತ್ತು.

ದೊಡ್ಡದು ಮಾಡಿ ನೋಡಿದೆ, ಇನ್ನೂ ದೊಡ್ಡದು.
ಕಂದು, ಹಳದಿ, ಚುಕ್ಕಿ,
ಮುಂದಿನ ಎರಡರ ನಡುವೆ ಅವ್ವನದೇ ಸಂದು.
ಮೌಸಿನ ಮೇಲಿದ್ದ ಕೈ ಸುಮ್ಮನಿತ್ತು.
ಬಹಳ ಹೊತ್ತಿನ ಮೇಲೆ
ಡಾಕ್ಟರಮ್ಮನಿಗೆ ವಾಟ್ಸಾಪು ಬರೆದೆ:
ಅರೆಯೋದು ಬ್ಯಾಡ್ರಿ.
ಮದಲ ಮೇಲಿನ ಪದರ ತಿಕ್ಕಿ ನೋಡೋಣು,
ಉಳಿದ ಕಲಿಗಷ್ಟ ಮೆತ್ತೋಣು.
ಸಂದು ಇರ್ಲಿ.
ಬಣ್ಣ ಜೋಳದ್ದು.

ಎರಡು ನೀಲಿ ಟಿಕ್ಕು ಬಿದ್ದವು.
ಜೋಳದ್ದು ಅಂದರ ಎಷ್ಟನೇ ನಂಬರ್ರೀ?